ಮತ್ತೆ ಬೆಂಗಳೂರಿಗೆ ಸಂಸಾರ ತರುವವರಿಗೆ: ಹೆಜ್ಜೆ ಹೆಜ್ಜೆಯಾಗಿ ಒಂದು ಸಮಗ್ರ ಮಾರ್ಗದರ್ಶಿ

2007ರಲ್ಲಿ ಊರು ಬಿಟ್ಟಾಗ ನಾನು ಮಸ್ಕತ್ ವಿಮಾನ ಹತ್ತಿದ್ದು ಎಚ್‌ಎಎಲ್ ನಿಲ್ದಾಣದಲ್ಲಿ. ದೇವನಹಳ್ಳಿ ನಿಲ್ದಾಣ ಶುರುವಾಗಿದ್ದು ಮರುವರ್ಷ, 2008ರ ಮೇ ತಿಂಗಳಲ್ಲಿ. ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು 2011ರಲ್ಲಿ. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಅನ್ನೋ ಹೆಸರೇ ಸರ್ಕಾರಿ ಕಾಗದದಿಂದ ಹೋಯಿತು. ಇದೆಲ್ಲ ಆಗುವಾಗ ನಾನು ವರ್ಷಕ್ಕೆ ಒಂದು ತಿಂಗಳು ರಜೆಗೆ ಬಂದು, ಮದುವೆ ಮುಂಜಿ ಮುಗಿಸಿ, ಸಾರಿನ ಪುಡಿ ಕಟ್ಟಿಸಿಕೊಂಡು ವಾಪಸ್ ಹೋಗುತ್ತಿದ್ದೆ. 2024ರ ಏಪ್ರಿಲ್‌ನಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಪೂರ್ತಿಯಾಗಿ ಬಂದೆ. ಹುಟ್ಟಿ ಬೆಳೆದ ಊರು, ಗೊತ್ತಿಲ್ಲದ್ದು ಏನಿದೆ ಅಂದುಕೊಂಡಿದ್ದೆ. ರಜೆಗೆ ಬಂದು ಹೋಗೋದೇ ಬೇರೆ, ಬಂದು ಇರೋದೇ ಬೇರೆ ಅಂತ ಮೊದಲ ತಿಂಗಳಲ್ಲೇ ಅರ್ಥವಾಯಿತು.

ಹಾಗೆ ಬರಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮುಖ್ಯವಾದ ಮಾತು ಒಂದೇ. ಮೊದಲ ಒಂದು ವರ್ಷ, ಮಾಡಿದ ಮೇಲೆ ಬದಲಾಯಿಸಲಾಗದ ಯಾವ ತೀರ್ಮಾನವನ್ನೂ ಮಾಡಬೇಡಿ. ಫ್ಲಾಟ್ ಕೊಳ್ಳಬೇಡಿ. ಹಳೇ ಮನೆ ಕೆಡವಬೇಡಿ. ಉಳಿಸಿದ್ದನ್ನೆಲ್ಲ ತಂದು ಒಂದು ಸೈಟಿಗೆ ಹಾಕಬೇಡಿ. ಊರಿನ ಬೇಸಿಗೆ, ಮಳೆ, ಚಳಿ ಮೂರನ್ನೂ ಇದ್ದು ನೋಡಿ. ಆಮೇಲೆ ಕೈ ಹಾಕಿ.

ಹೆಜ್ಜೆ 1: ಆರು ತಿಂಗಳು ಮುಂಚೆ ಬಂದು ಸುಮ್ನೆ ಇದ್ದು ನೋಡಿ

ಎರಡು ಮೂರು ವಾರ ರಜೆ ಹಾಕಿ ಬನ್ನಿ. ನೆಂಟರ ಮನೆ ಸುತ್ತಬೇಡಿ. ನೀವು ಇರಬೇಕು ಅಂದುಕೊಂಡ ಬಡಾವಣೆಯಲ್ಲೇ ಒಂದು ರೂಮು ಹಿಡಿದು ಉಳಿಯಿರಿ. ಬೆಳಿಗ್ಗೆ ಹಾಲು ತನ್ನಿ, ತರಕಾರಿ ತನ್ನಿ, ಬಸ್ಸಿನಲ್ಲಿ ಓಡಾಡಿ. ಕೆಲಸ ಮಾಡುವ ಜಾಗಕ್ಕೆ ಸೋಮವಾರ ಬೆಳಿಗ್ಗೆ 9ಕ್ಕೆ ಒಂದು ಸಲ ಹೋಗಿ, ಮಳೆ ಬಂದ ದಿನ ಸಂಜೆ 6ಕ್ಕೆ ಒಂದು ಸಲ ವಾಪಸ್ ಬನ್ನಿ. ಭಾನುವಾರ ಮಧ್ಯಾಹ್ನ ಇಪ್ಪತ್ತು ನಿಮಿಷ ಹಿಡಿಯುವ ದಾರಿಯೇ ಆಗ ಒಂದೂವರೆ ಗಂಟೆ ಹಿಡಿಯಬಹುದು.

ಸಾಧ್ಯವಾದರೆ ಏಪ್ರಿಲ್ ಅಥವಾ ಮೇನಲ್ಲಿ ಬನ್ನಿ. ಡಿಸೆಂಬರ್‌ನ ಬೆಂಗಳೂರು ಎಲ್ಲರಿಗೂ ಇಷ್ಟವಾಗುತ್ತದೆ. ಬೆಳಗಿನ ಮಂಜು, ಅವರೆಕಾಯಿ ಸೊಗಡು, ಗಾಂಧಿ ಬಜಾರಿನ ಹೂವು ನೋಡಿ ಮನಸ್ಸು ಆಗಲೇ ತೀರ್ಮಾನ ಮಾಡಿಬಿಡುತ್ತದೆ. ನೀರು ಸಾಲದ ದಿನಗಳಲ್ಲಿ ಊರು ನೋಡಿದವರು ಮನೆ ಹುಡುಕುವುದೇ ಬೇರೆ ಥರ.

ಹೆಜ್ಜೆ 2: ಬರುವ ತಾರೀಖು ಗೊತ್ತು ಮಾಡಿ

ತಾರೀಖಿಗೂ ತೆರಿಗೆಗೂ ನೇರ ಸಂಬಂಧ ಇದೆ. ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ, 182 ದಿನ ಅಥವಾ ಅದಕ್ಕಿಂತ ಜಾಸ್ತಿ ದೇಶದಲ್ಲಿದ್ದರೆ ನೀವು ಆ ವರ್ಷಕ್ಕೆ ಇಲ್ಲಿನ ನಿವಾಸಿ. ಅಕ್ಟೋಬರ್ ಮೊದಲ ವಾರ ಕಳೆದು ಬಂದರೆ ಆ ವರ್ಷ 182 ದಿನ ತುಂಬುವುದಿಲ್ಲ. ಅದೇ ವರ್ಷ ರಜೆಗೆ ಬಂದಿದ್ದ ದಿನಗಳನ್ನೂ ಕೂಡಿಸಬೇಕು, ಮರೆಯಬೇಡಿ. ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಅಥವಾ ಅದಕ್ಕಿಂತ ಜಾಸ್ತಿ ಇಲ್ಲಿದ್ದವರಿಗೆ ಲೆಕ್ಕ ಬೇರೆ ಆಗಬಹುದು.

ಬಹಳ ವರ್ಷ ಹೊರಗಿದ್ದವರಿಗೆ ಇನ್ನೊಂದು ಅನುಕೂಲ ಇದೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷದಲ್ಲಿ ಒಟ್ಟು 729 ದಿನ ಮೀರದೆ ಇಲ್ಲಿದ್ದರೆ, ಬಂದ ಮೇಲೂ ಸ್ವಲ್ಪ ಕಾಲ ‘ಆರ್‌ಎನ್‌ಒಆರ್’ ಅನ್ನುವ ನಡುವಿನ ಸ್ಥಾನದಲ್ಲಿರುತ್ತೀರಿ. ಆಗ ಹೊರದೇಶದಲ್ಲೇ ಬರುವ ಬಡ್ಡಿ, ಬಾಡಿಗೆಗೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಪಾಸ್‌ಪೋರ್ಟಿನ ಸೀಲುಗಳನ್ನೆಲ್ಲ ಫೋಟೊ ತೆಗೆದು ಬರುವ ಮುಂಚೆಯೇ ಒಬ್ಬ ಆಡಿಟರ್‌ಗೆ ಕಳಿಸಿ. ಬಂದ ಮೇಲೆ ಕೇಳಿದರೆ ಅವರಿಗೂ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ.

ಓದುವ ಮಕ್ಕಳಿದ್ದರೆ ಮಾತ್ರ ಶಾಲೆಯ ಕ್ಯಾಲೆಂಡರ್ ಮುಂದೆ ತೆರಿಗೆಯ ಲೆಕ್ಕ ನಿಲ್ಲುವುದಿಲ್ಲ. ನಾವು ಏಪ್ರಿಲ್‌ನಲ್ಲೇ ಬಂದೆವು. ಮಗಳನ್ನು ವರ್ಷದ ಮಧ್ಯೆ ಕಿತ್ತು ತರಲು ನಮಗೆ ಮನಸ್ಸು ಬರಲಿಲ್ಲ. ಅದು ಸರಿ ಅಂತ ಈಗಲೂ ಅನಿಸುತ್ತದೆ.

ಹೆಜ್ಜೆ 3: ಬ್ಯಾಂಕು, ವಿಮೆ

ವಾಪಸ್ ಬಂದ ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಹಾಗೇ ನಡೆಸುವಂತಿಲ್ಲ, ಸಾಮಾನ್ಯ ಖಾತೆಗೆ ಬದಲಾಯಿಸಬೇಕು. ಹೊರದೇಶದ ಹಣವನ್ನು ಡಾಲರಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವವರಿಗೆ ‘ಆರ್‌ಎಫ್‌ಸಿ’ ಖಾತೆ ಇದೆ. ಅನಿವಾಸಿಯಾಗಿದ್ದಾಗ ಹೊರದೇಶದ ಹಣದಲ್ಲೇ ಇಟ್ಟ ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು.

ಆರೋಗ್ಯ ವಿಮೆ ಇದಕ್ಕಿಂತ ಅರ್ಜೆಂಟು. ಗಲ್ಫ್‌ನಲ್ಲಿ ಕೆಲಸ ಬಿಟ್ಟರೆ ಕಂಪನಿಯ ವಿಮೆಯೂ ಮುಗಿಯುತ್ತದೆ. ಇಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಬಿಪಿ, ಶುಗರ್ ಥರದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಈ ದಿನಗಳು ಆದಷ್ಟು ಬೇಗ ಶುರುವಾಗಲಿ. ಬರುವ ಮುಂಚೆಯೇ ಪಾಲಿಸಿ ಮಾಡಿಸಿ. ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ.

ಹೆಜ್ಜೆ 4: ಬಾಡಿಗೆ ಮನೆ ಹುಡುಕಿ, ನಿಮ್ಮವರ ಹತ್ತಿರ

ನಾವು ಎಡವಿದ್ದು ಇಲ್ಲೇ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಆಫೀಸಿಗೆ ಹತ್ತಿರ ಅಂತ ಹೊರವರ್ತುಲ ರಸ್ತೆಯ ಆಚೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದೆವು. ಈಜುಕೊಳ, ಜಿಮ್ ಎಲ್ಲ ಇತ್ತು. ಹನುಮಂತನಗರದಲ್ಲಿ ಅಮ್ಮ ಒಬ್ಬರೇ ಇದ್ದರು. ವಾರಕ್ಕೆ ಮೂರು ಸಲ ಹೋಗಿ ಬರುತ್ತೇವೆ ಅಂದುಕೊಂಡಿದ್ದೆವು. ಎರಡನೇ ತಿಂಗಳಿಗೆ ಅದು ಭಾನುವಾರ ಮಾತ್ರ ಆಯಿತು. 2,000 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದೂ ಅಮ್ಮನಿಗೆ ನಾವು ನೆಂಟರಾಗಿಯೇ ಉಳಿದೆವು. ಐದು ತಿಂಗಳಿಗೆ ಆ ಮನೆ ಬಿಟ್ಟು ಅಮ್ಮನ ಮನೆಯಿಂದ ಎರಡು ಕ್ರಾಸ್ ಆಚೆ ಬಂದೆವು.

ಹಾಗಾಗಿ ನನ್ನ ಸಲಹೆ: ಯಾರಿಗೋಸ್ಕರ ವಾಪಸ್ ಬರುತ್ತಿದ್ದೀರೋ ಅವರ ಮನೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿ. ಆಫೀಸಿನ ದೂರಕ್ಕೆ ಮೆಟ್ರೊ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ರೈಲಿನಲ್ಲೇ ಹೋಗಬಹುದು. ಅಮ್ಮನಿಗೆ ರಾತ್ರಿ ಹತ್ತಕ್ಕೆ ತಲೆ ತಿರುಗಿದರೆ ಓಡಿ ಹೋಗಲು ಮೆಟ್ರೊ ನೆರವಿಗೆ ಬರುವುದಿಲ್ಲ, ಅಲ್ವಾ?

ಅದೇ ಮನೆಯಲ್ಲಿ ಒಟ್ಟಿಗೆ ಇರಬಹುದಿತ್ತಲ್ಲ ಅಂತ ಬಹಳ ಜನ ಕೇಳಿದರು. ಅಮ್ಮನಿಗೆ ಅವರದೇ ಅಡುಗೆಮನೆ, ಅವರದೇ ಹೊತ್ತು ಇದೆ. ನಮ್ಮ ಮಕ್ಕಳು ರಾತ್ರಿ ಹನ್ನೊಂದರವರೆಗೆ ಓದುತ್ತಾರೆ, ಅಮ್ಮ ಎಂಟೂವರೆಗೆ ಮಲಗುತ್ತಾರೆ. ಬೇರೆ ಬೇರೆ ಒಲೆ ಇದ್ದುಕೊಂಡು ದಿನಾ ಸಂಜೆ ಒಟ್ಟಿಗೆ ಕಾಫಿ ಕುಡಿಯುವುದು ನಮ್ಮೆಲ್ಲರಿಗೂ ಹಿತವಾಗಿದೆ.

ಮನೆ ನೋಡುವಾಗ ಇವಿಷ್ಟು ಕೇಳಿ. ಅಡ್ವಾನ್ಸ್ ಎಷ್ಟು ತಿಂಗಳದ್ದು? ಇಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ಹಳೇ ರೂಢಿ ಇನ್ನೂ ಇದೆ, ಮಾತಾಡಿದರೆ ಐದಾರು ತಿಂಗಳಿಗೆ ಇಳಿಯುತ್ತದೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿಯುತ್ತಾರೆ? ನಾವು ಐದೇ ತಿಂಗಳಿದ್ದರೂ ಒಂದು ತಿಂಗಳ ಬಾಡಿಗೆ ಹೋಯಿತು. ಎಷ್ಟು ತಿಂಗಳೊಳಗೆ ಬಿಟ್ಟರೆ ಎಷ್ಟು ಹಿಡಿಯಬೇಕು ಅಂತ ಅಗ್ರಿಮೆಂಟಿನಲ್ಲೇ ಬರೆಸಿ. 11 ತಿಂಗಳ ಅಗ್ರಿಮೆಂಟ್ ಸಾಮಾನ್ಯ. ಬ್ರೋಕರ್ ಮೂಲಕ ಹೋದರೆ ಅವರಿಗೂ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೊಡಬೇಕು.

ಭೋಗ್ಯಕ್ಕೆ ಮನೆ ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಗಲ್ಫ್‌ನಿಂದ ಹಣ ತಂದವರಿಗೆ ಇದು ಲಾಭ ಅನಿಸಬಹುದು. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಮಾಲೀಕರು ಕಟ್ಟದೆ ಬಿಟ್ಟರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಇ.ಸಿ. (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡದೆ, ಒಪ್ಪಂದ ನೋಂದಣಿ ಮಾಡಿಸದೆ ಭೋಗ್ಯಕ್ಕೆ ಹೋಗಬೇಡಿ.

ಹೆಜ್ಜೆ 5: ನಲ್ಲಿ ತಿರುಗಿಸಿ ನೋಡಿ, ಸಂಪು ಅಳೆಯಿರಿ

ನಾವು ಬಂದಿಳಿದಿದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಾವು ಹಿಡಿದ ಫ್ಲಾಟಿಗೆ ‘ಕಾವೇರಿ ಕನೆಕ್ಷನ್ ಇದೆ’ ಅಂದಿದ್ದರು. ಕನೆಕ್ಷನ್ ಇದ್ದದ್ದು ನಿಜ. ಅದರಲ್ಲಿ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಸಣ್ಣಗೆ. ಉಳಿದದ್ದೆಲ್ಲ ಟ್ಯಾಂಕರ್.

ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಅಷ್ಟೆತ್ತರಕ್ಕೆ ಪಂಪ್ ಮಾಡಿಕೊಂಡು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಜಾಸ್ತಿ ನೀರು ತರುವ ವ್ಯವಸ್ಥೆ ಆಯಿತು. ಆದರೂ ನೀವು ನೋಡುತ್ತಿರುವ ಆ ಒಂದು ಕಟ್ಟಡಕ್ಕೆ ನೀರು ಎಷ್ಟು ಬರುತ್ತದೆ ಅಂತ ಅಲ್ಲೇ ಕೇಳಿ ತಿಳಿಯಬೇಕು. ಬ್ರೋಕರನ್ನು ಕೇಳಬೇಡಿ. ಕೆಳಗಿನ ವಾಚ್‌ಮನ್, ಪಕ್ಕದ ಮನೆಯವರು, ಎದುರಿನ ಅಂಗಡಿಯವರನ್ನು ಕೇಳಿ. ನಾಲ್ಕು ಪ್ರಶ್ನೆ ಸಾಕು: ಕಾವೇರಿ ವಾರಕ್ಕೆ ಎಷ್ಟು ದಿನ? ಎಷ್ಟು ಹೊತ್ತು? ಬೋರ್ ಮೇನಲ್ಲಿ ಬತ್ತುತ್ತದಾ? ಟ್ಯಾಂಕರ್ ಖರ್ಚು ಯಾರದು?

ಆಮೇಲೆ ಸಂಪಿನ ಮುಚ್ಚಳ ತೆಗೆಸಿ ಅಳೆಯಿರಿ. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪು ಸುಮಾರು 4,200 ಲೀಟರ್ ಹಿಡಿಯುತ್ತದೆ. ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರ್ ಆಯಿತು. ಅಂದರೆ ಆ ಸಂಪು ತುಂಬಿದರೆ ಒಂದು ವಾರ. ಅದೇ ಸಂಪಿನ ಮೇಲೆ ಮೂರು ಮನೆ ಇದ್ದರೆ ಎರಡೂವರೆ ದಿನ.

ಅಮ್ಮನ ಮನೆಯಲ್ಲಿ ಈ ಲೆಕ್ಕ ಯಾರೂ ಮಾಡುವುದಿಲ್ಲ, ಅದು ಅವರ ಕೈಗೇ ಗೊತ್ತು. ದಿನ ಬಿಟ್ಟು ದಿನ ಬೆಳಗಿನ ಐದೂವರೆಗೆ ನೀರು ಬಿಡುತ್ತಾರೆ. ಮೊದಲು ಪೈಪಿನಲ್ಲಿ ಗಾಳಿ ಉಸ್ಸೆನ್ನುತ್ತದೆ, ಆಮೇಲೆ ಗೊಳಗೊಳ ಸದ್ದು. ಅಮ್ಮ ಎದ್ದು ಮೊದಲ ಎರಡು ಬಕೆಟ್ ಕೆಂಪು ನೀರನ್ನು ಗಿಡಕ್ಕೆ ಹಿಡಿದಿಟ್ಟು, ನೀರು ತಿಳಿಯಾದ ಮೇಲೆ ಬಿಳಿ ಬಟ್ಟೆ ಕಟ್ಟಿದ ತಾಮ್ರದ ಹಂಡೆಗೆ ಬಿಡುತ್ತಾರೆ. ಹಂಡೆ ತುಂಬಿದ ಸದ್ದು ಬದಲಾದ ಕೂಡಲೇ ಅಡುಗೆಮನೆಯಿಂದ ಬಂದು ಪೈಪನ್ನು ಸಂಪಿಗೆ ತಿರುಗಿಸುತ್ತಾರೆ. ನನ್ನ ಒಂಬತ್ತು ವರ್ಷದ ಮಗ ಈಗ ಅಜ್ಜಿಗಿಂತ ಮೊದಲೇ ಆ ಸದ್ದಿಗೆ ಕಿವಿ ಕೊಡುತ್ತಾನೆ. ಹದಿನೇಳು ವರ್ಷ ನಲ್ಲಿ ತಿರುಗಿಸಿದಾಗೆಲ್ಲ ನೀರು ಕಂಡವನು ನಾನು. ಅವನು ಕಲಿತಿದ್ದು ಬೇಗ.

ಹೆಜ್ಜೆ 6: ಕಾಗದಪತ್ರಕ್ಕೆ ಒಂದು ಸರದಿ ಇದೆ

ಮೊದಲು ಮೊಬೈಲ್ ನಂಬರ್. ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಬಿಟ್ಟ ಹಳೇ ನಂಬರ್ ಬೇರೆಯವರಿಗೆ ಹೋಗಿಬಿಡುತ್ತದೆ. ನನ್ನದು ಹಾಗೇ ಆಗಿತ್ತು. ಬ್ಯಾಂಕಿನ ಒಟಿಪಿ ಯಾರಿಗೋ ಹೋಗುತ್ತಿತ್ತು. ಇನ್ನೂ ಹೊರಗಿರುವವರು ಇಲ್ಲಿನ ಸಿಮ್ ಸಾಯದಂತೆ ನೋಡಿಕೊಳ್ಳಿ.

ನಂಬರ್ ಆದ ಮೇಲೆ ಆಧಾರ್. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು 182 ದಿನ ಕಾಯಬೇಕಿಲ್ಲ, ಬಂದ ಕೂಡಲೇ ಅರ್ಜಿ ಹಾಕಬಹುದು. ಮೊದಲೇ ಇದ್ದರೆ ವಿಳಾಸ ಮತ್ತು ನಂಬರ್ ತಿದ್ದಿಸಿ. ಅದಾದ ಮೇಲೆ ಬ್ಯಾಂಕು, ಗ್ಯಾಸು, ಮತದಾರರ ಪಟ್ಟಿ. ಪಟ್ಟಿಯಲ್ಲಿ ಹೆಸರೇ ಇಲ್ಲದವರು ನಮೂನೆ 6, ವಿಳಾಸ ಬದಲಾದವರು ನಮೂನೆ 8 ತುಂಬಬೇಕು. ಕರ್ನಾಟಕದ ವಿಳಾಸದ ಗುರುತು ಇದ್ದರೆ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆ ಮನೆಯಲ್ಲೂ ಸಿಗುತ್ತದೆ. ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನಿಂದ ಡಿಲಿಂಕ್ ಆಗಿದೆಯಾ ಅಂತ ಮಾಲೀಕರನ್ನು ಕೇಳಿ. ಡ್ರೈವಿಂಗ್ ಲೈಸೆನ್ಸ್ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಕೊಡಬೇಕು.

ಹೆಜ್ಜೆ 7: ಹಿರಿಯರ ಮನೆಯ ಕಾಗದ ಸರಿಮಾಡಿ

ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು. ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಅವರ ಹೆಸರಿನಲ್ಲೇ ಇತ್ತು. ಪ್ರತಿ ರಜೆಯಲ್ಲೂ ‘ಮುಂದಿನ ಸಲ’ ಅಂದುಕೊಂಡಿದ್ದೆ. ಅಮ್ಮ ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿ, 5% ರಿಯಾಯಿತಿಯನ್ನೂ ಬಿಡದೆ, ರಸೀದಿಗಳನ್ನು ಬೀರುವಿನಲ್ಲಿ ಅಪ್ಪನ ಪಂಚೆಯ ಕೆಳಗೆ ಇಟ್ಟಿದ್ದರು. ಅವೇ ನಮ್ಮ ಕೆಲಸಕ್ಕೆ ಬಂದವು.

ಕ್ರಮ ಹೀಗೆ. ಮರಣ ಪ್ರಮಾಣಪತ್ರ ಮೊದಲು. ನಾಡಕಚೇರಿಯ ಮೂಲಕ ವಂಶವೃಕ್ಷ. ಆಸ್ತಿಯ ಇ.ಸಿ. ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಆಮೇಲೆ ಖಾತೆ ಬದಲಾವಣೆ ಮತ್ತು ಅದರ ಡಿಜಿಟಲ್ ರೂಪವಾದ ಇ-ಖಾತಾ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಕ್ರಯಪತ್ರ, ಕಂದಾಯದ ರಸೀದಿ, ಆಧಾರ್, ಬೆಸ್ಕಾಂ ನಂಬರ್, ಮನೆಯ ಫೋಟೊ ಜೋಡಿಸಿಕೊಳ್ಳಿ.

ಬಿಬಿಎಂಪಿ ಹುಡುಕಬೇಡಿ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ.

ಅಕ್ಕತಂಗಿಯರ ಮಾತನ್ನು ಮೊದಲೇ ಆಡಿ ಮುಗಿಸಿ. ಅಪ್ಪ ಸ್ವಂತ ದುಡಿದು ಕಟ್ಟಿದ ಮನೆಗೆ ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ‘ಅಕ್ಕ ಏನೂ ಕೇಳಲ್ಲ’ ಅಂತ ನೀವೇ ಅಂದುಕೊಳ್ಳಬೇಡಿ. ನಾನು ಅಕ್ಕನನ್ನು ತುಮಕೂರಿನಿಂದ ಕರೆಸಿ, ಅಮ್ಮನ ಎದುರಿಗೆ ಕೂತು ಕೇಳಿದೆ. ‘ಇಷ್ಟು ವರ್ಷ ಅಮ್ಮನ್ನ ಡಾಕ್ಟರ ಹತ್ರ ಕರಕೊಂಡು ಹೋಗಿದ್ದು ನಾನು ಕಣೋ, ಅದನ್ನೂ ಲೆಕ್ಕ ಹಿಡಿ’ ಅಂದಳು ಅಕ್ಕ. ಸರಿಯಾದ ಮಾತು. ಮೂವರ ಹೆಸರಿನಲ್ಲೂ ಖಾತೆ ಮಾಡಿಸಿದೆವು.

ಹೆಜ್ಜೆ 8: ಮಕ್ಕಳು

ಗಲ್ಫ್‌ನ ಸಿಬಿಎಸ್‌ಇ ಶಾಲೆಯಿಂದ ಇಲ್ಲಿನ ಸಿಬಿಎಸ್‌ಇಗೆ ಸೇರುವುದು ಸುಲಭ. ಟಿ.ಸಿ., ಅಂಕಪಟ್ಟಿ, ಲಸಿಕೆಯ ಕಾರ್ಡ್ ಕೈಚೀಲದಲ್ಲೇ ಇರಲಿ, ಹಡಗಿನ ಸಾಮಾನಿನ ಜೊತೆ ಕಳಿಸಬೇಡಿ. ಸೀಟಿಗೆ ಹಿಂದಿನ ನವೆಂಬರ್‌ನಿಂದಲೇ ವಿಚಾರಿಸಿ.

ಕನ್ನಡದ ವಿಷಯ ಮೊದಲೇ ಯೋಚಿಸಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ತಡವಾಗಿ ಬಂದ ಮಕ್ಕಳಿಗೆ ಏನು ವ್ಯವಸ್ಥೆ ಅಂತ ಶಾಲೆಯಲ್ಲಿ ಕೇಳಿ. ನನ್ನ ಮಗಳು ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಿದ್ದಳು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಅವಳು ಕಲಿತಿದ್ದು ಬಸ್ಸಿನ ಬೋರ್ಡಿನಿಂದ. ಅಜ್ಜಿಯ ಕೈ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತು ‘ಬ... ನ... ಶಂ...’ ಅನ್ನುವಷ್ಟರಲ್ಲಿ ಬಸ್ಸು ಹೊರಟೇ ಹೋಗುತ್ತಿತ್ತು. ‘ಹೋಗ್ಲಿ ಬಿಡು ಪುಟ್ಟಿ, ಇನ್ನೊಂದು ಬರತ್ತೆ, ಅದನ್ನ ಓದು’ ಅನ್ನುತ್ತಿದ್ದರು ಅಮ್ಮ. ಮೂರು ತಿಂಗಳಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಓದತೊಡಗಿದಳು.

ಮೊದಲ ಕೆಲವು ತಿಂಗಳು ಮಕ್ಕಳು ಅಳುತ್ತಾರೆ, ಸಿಟ್ಟು ಮಾಡುತ್ತಾರೆ. ನಿಮಗೆ ಇದು ವಾಪಸ್ ಬಂದ ಊರು, ಅವರಿಗೆ ಹೊಸ ಊರು. ಅಲ್ಲಿನ ಗೆಳೆಯರ ಜೊತೆ ವಾರಕ್ಕೊಮ್ಮೆ ಮಾತಾಡಲು ಬಿಡಿ.

ಹೆಜ್ಜೆ 9: ವರ್ಷ ತುಂಬಿದ ಮೇಲೆ ತೀರ್ಮಾನ ಮಾಡಿ

ಮೇ ತಿಂಗಳ ಗಾಳಿಮಳೆಗೆ ನಿಮ್ಮ ರಸ್ತೆಯಲ್ಲಿ ಎಷ್ಟು ಕೊಂಬೆ ಬಿದ್ದವು, ಕರೆಂಟು ಎಷ್ಟು ಹೊತ್ತು ಹೋಯಿತು, ಸೆಪ್ಟೆಂಬರ್ ಮಳೆಗೆ ಬೇಸ್‌ಮೆಂಟಿಗೆ ನೀರು ನುಗ್ಗಿತಾ ಅಂತ ನಿಮಗೇ ಗೊತ್ತಾಗಿರುತ್ತದೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಡೆದು ಹೋಗಿ ಬಂದಿರುತ್ತೀರಿ. ಯಾವ ದೂರ ಸಹಿಸಬಹುದು, ಯಾವುದು ಆಗುವುದಿಲ್ಲ ಅಂತ ಮನೆಯವರೆಲ್ಲ ಒಂದು ಸಂಜೆ ಕೂತು ಮಾತಾಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ.

ನಾವು ಹಾಗೆ ಕೂತಾಗ, ಬರುವ ಮುಂಚೆ ನೋಡಿಟ್ಟಿದ್ದ ಫ್ಲಾಟಿನ ಮಾತೇ ಬರಲಿಲ್ಲ. ಅಮ್ಮನ ಮನೆಯ ಮೇಲಂತಸ್ತನ್ನು ರಿಪೇರಿ ಮಾಡಿಸಿ, ಮೆಟ್ಟಿಲು ಹೊರಗಿನಿಂದ ಇಟ್ಟು, ಅಲ್ಲಿಗೆ ಹೋಗುವುದು ಅಂತಾಯಿತು. ಮೇಸ್ತ್ರಿ ಮುಂದಿನ ತಿಂಗಳು ಬರುತ್ತಾರೆ. ಗೋಡೆ, ಟೈಲ್ಸ್ ಎಲ್ಲ ಆಮೇಲೆ. ಆರು ಜನಕ್ಕೆ, ಅಂದರೆ ನಾವು, ಅಮ್ಮ, ಬಂದಾಗ ಅಕ್ಕನಿಗೂ ಸಾಕಾಗುವಂತೆ, ಮೊದಲು ಸಂಪು ದೊಡ್ಡದು ಮಾಡಿಸುತ್ತಿದ್ದೇವೆ.